ಇಂದು ಉದ್ರಿ, ಐದನೇ ತಾರೀಕು ನಗದು: ಪೇ ಲೇಟರ್ ಜೊತೆ ಎರಡು ವರ್ಷ

ಪೇ ಲೇಟರ್ ಅಂದರೆ ಈಗ ಕೊಂಡು ಆಮೇಲೆ ದುಡ್ಡು ಕೊಡುವ ಆ್ಯಪ್. ಅದರ ಹೆಸರು ಹಾಕುತ್ತಿಲ್ಲ. 2023ರ ಆಗಸ್ಟ್‌ನಿಂದ ಬಳಸುತ್ತಿದ್ದೇನೆ. ಊರು ಕುಮಟಾ, ಕೆಲಸ ಒಂದು ಆಫೀಸಿನಲ್ಲಿ ಬಿಲ್ಲಿಂಗ್. ದಿನವಿಡೀ ಬೇರೆಯವರ ಬಾಕಿ ಲೆಕ್ಕ ಬರೆಯುವವನು ನಾನು, ಅದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಶುರು ಮಾಡುವುದು ಬಹಳ ಸುಲಭ. ಪ್ಯಾನ್, ಆಧಾರ್, ಒಂದು ಸೆಲ್ಫಿ. ಚಹಾ ಆರುವುದರೊಳಗೆ 10,000 ರೂಪಾಯಿ ಸಾಲದ ಮಿತಿ ಬಂತು. ಈ ತಿಂಗಳು ಕೊಂಡಿದ್ದಕ್ಕೆ ಮುಂದಿನ ತಿಂಗಳು 5ನೇ ತಾರೀಕು ದುಡ್ಡು, ಅಲ್ಲಿವರೆಗೆ ಬಡ್ಡಿ ಇಲ್ಲ. ದೊಡ್ಡ ಸಾಮಾನಾದರೆ ಕಂತು, ಅದಕ್ಕೆ ಬಡ್ಡಿ ಉಂಟು. ಮೊದಲ ಕೆಲವು ತಿಂಗಳು ಒಂದು ಪೈಸೆ ಜಾಸ್ತಿ ಹೋಗಲಿಲ್ಲ. ಆಗಲೇ ಬರೆದಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ.

ದೀಪಾವಳಿ ಹೊತ್ತಿಗೆ ಮಿತಿ 25,000ಕ್ಕೆ ಏರಿಸೋಣವೇ ಎಂದು ಕೇಳಿತು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ನಮ್ಮ ಒಪ್ಪಿಗೆ ಇಲ್ಲದೆ ಅವರು ಮಿತಿ ಏರಿಸುವಂತಿಲ್ಲ. ಅದಕ್ಕೇ ಆ ಬಟನ್. ಒತ್ತಿದವನು ನಾನೇ.

ಕೈ ಜಾರಿದ್ದು ಮಳೆಗಾಲದಲ್ಲಿ. ನಮ್ಮ ಕಡೆ ಜೂನ್, ಜುಲೈ ಹೇಗಿರುತ್ತದೆ ಗೊತ್ತಲ್ವಾ. ಸಂಜೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಮೊಬೈಲ್‌ನಲ್ಲಿ ಚಾರ್ಜ್ ಇರುವಷ್ಟು ಹೊತ್ತು ಸುಮ್ನೆ ನೋಡುತ್ತಾ ಕೂರುವುದು. ಹಾಗೆ ಬಂದದ್ದು ಟ್ರಿಮ್ಮರ್, ಎರಡನೇ ಇಯರ್‌ಬಡ್ಸ್, ರಿಂಗ್ ಲೈಟ್ (ನಾನು ರೀಲ್ಸ್ ಮಾಡುವುದೇ ಇಲ್ಲ), ಮತ್ತೆ ಒಂದು ಚರ್ಮದ ಜಾಕೆಟ್. ಕುಮಟಾದ ಸೆಖೆಯಲ್ಲಿ ಚರ್ಮದ ಜಾಕೆಟ್! ಆರು ಕಂತಿನಲ್ಲಿ ಮೂರು ಕಟ್ಟುವಷ್ಟರಲ್ಲಿ ಅದಕ್ಕೆ ಬೂಷ್ಟು ಹಿಡಿಯಿತು. ಉಳಿದ ಮೂರು ಕಂತು ಬೂಷ್ಟಿಗೆ ಕಟ್ಟಿದೆ.

2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಯಿತಲ್ಲ, ಆಗ ನನ್ನ ಶೂ ಪಾರ್ಸೆಲ್ ಅಂಕೋಲಾ ಕಡೆಯೇ ಉಳಿಯಿತು. ಜನ ಜೀವ ಕಳೆದುಕೊಂಡ ಹೊತ್ತಿನಲ್ಲಿ ಶೂ ಮಾತು ಆಡಲು ನಾಚಿಕೆಯಾಗುತ್ತದೆ. ಆದರೆ ಗೊತ್ತಿರಲಿ: ಸಾಮಾನು ಕೈಗೆ ಬರದಿದ್ದರೂ ಬಿಲ್ಲು ನಿಲ್ಲುವುದಿಲ್ಲ. ಮಾರುವವರು ಬೇರೆ, ಸಾಲ ಕೊಟ್ಟವರು ಬೇರೆ. ಆರ್ಡರ್ ರದ್ದಾಗಿ ದುಡ್ಡು ವಾಪಸ್ ಬರುವ ಮೊದಲೇ 5ನೇ ತಾರೀಕು ಬಂತು. ಆಟೋ ಪೇ ಹಾಕಿಟ್ಟಿದ್ದೆ, ಖಾತೆ ಖಾಲಿ. ಆ್ಯಪ್‌ನವರು ಲೇಟ್ ಫೀ ಹಾಕಿದರು, ಬ್ಯಾಂಕಿನವರು ಬೌನ್ಸ್ ಚಾರ್ಜ್ ಕಡಿದರು. ಒಂದೇ ತಪ್ಪಿಗೆ ಎರಡು ಕಡೆ ದಂಡ. ಕಸ್ಟಮರ್ ಕೇರ್ ಚಾಟ್‌ನಲ್ಲಿ ನನಗೆ ಕನ್ನಡ ಸಿಗಲಿಲ್ಲ, ಮನುಷ್ಯರೂ ಸಿಗಲಿಲ್ಲ.

ಉದ್ರಿ ನಮ್ಮ ಮನೆಗೆ ಹೊಸದೇನಲ್ಲ. ಕಿರಾಣಿ ಅಂಗಡಿಯ "ಇಂದು ನಗದು, ನಾಳೆ ಉದ್ರಿ" ಬೋರ್ಡಿನ ಕೆಳಗೇ ಅಮ್ಮನ ಖಾತೆ ಪುಸ್ತಕ ಇದೆ. ಬಾಕಿ ಬೆಳೆದರೆ ಅಂಗಡಿಯವರು ಸಕ್ಕರೆ ಕಟ್ಟುತ್ತಾ "ಹಿಂದಿನದು ಸ್ವಲ್ಪ ಉಂಟು" ಅನ್ನುತ್ತಾರೆ. ಅಮ್ಮ ಬಿಸ್ಕೆಟ್ ಪ್ಯಾಕೆಟ್ ವಾಪಸ್ ಇಡುತ್ತಾಳೆ. ಆ್ಯಪ್ ಮಾತ್ರ ಬಾಕಿ ಇರುವಾಗಲೂ "ಇನ್ನೂ 11,400 ನಿಮ್ಮದು" ಅನ್ನುತ್ತದೆ. ನನ್ನದಂತೆ!

ಪೂರ್ತಿ ಅರ್ಥವಾದದ್ದು 2025ರಲ್ಲಿ, ಬೈಕ್ ಸಾಲ ಕೇಳಲು ಹೋದಾಗ. ಮ್ಯಾನೇಜರ್ ಕ್ರೆಡಿಟ್ ರಿಪೋರ್ಟ್, ಅಂದರೆ ನನ್ನ ಸಾಲಗಳ ಪೂರ್ತಿ ಜಾತಕ, ತಿರುಗಿಸಿ ತೋರಿಸಿದರು. ನಾನು ಶಾಪಿಂಗ್ ಅಂದುಕೊಂಡದ್ದೆಲ್ಲ ಅಲ್ಲಿ ಸಾಲ. ಟ್ರಿಮ್ಮರ್ ಕೂಡ. ತಪ್ಪಿದ ಆ ಕಂತೂ ಅಲ್ಲಿತ್ತು. ಸಿಬಿಲ್ ಸ್ಕೋರ್ (ಸಾಲ ತೀರಿಸುವುದರಲ್ಲಿ ನಾವು ಎಷ್ಟು ಸರಿ ಎಂಬ ಅಂಕ) 300ರಿಂದ 900ರವರೆಗೆ ಇರುತ್ತದೆ, ನನ್ನದು ಎಷ್ಟು ಅಂತ ಕೇಳಬೇಡಿ. ಇಂಥ ರಿಪೋರ್ಟ್ ಕೊಡುವ ಕಂಪನಿಗಳು ನಾಲ್ಕಿವೆ. ಪ್ರತಿಯೊಂದರಿಂದ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಪುಕ್ಕಟೆ ಸಿಗುತ್ತದೆ. ಬೈಕ್ ನೋಡುವ ಮೊದಲು ಅದನ್ನು ನೋಡಿ.

ಇನ್ನೊಂದು ನನಗೆ ತಡವಾಗಿ ತಿಳಿದದ್ದು. ಆ್ಯಪ್‌ನಲ್ಲಿ ಕೊಡುವ ಕಂತಿನ ಸಾಲಕ್ಕೆ ಕೂಲಿಂಗ್ ಆಫ್ ಅವಧಿ, ಅಂದರೆ ಮನಸ್ಸು ಬದಲಾಯಿಸಲು ಸಮಯ, ಇರಲೇಬೇಕು. ಅದರೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿದರೆ ದಂಡವಿಲ್ಲದೆ ಹೊರಗೆ ಬರಬಹುದು. ಎಷ್ಟು ದಿನ ಅಂತ ಸಾಲದ ಮುಖ್ಯ ವಿವರಗಳ ಹಾಳೆಯಲ್ಲಿ ಇರುತ್ತದೆ. ನಾನು ಎರಡು ವರ್ಷ ಆ ಹಾಳೆ ತೆರೆದೇ ಇರಲಿಲ್ಲ.

ಎರಡೂವರೆ ಸ್ಟಾರ್. ಅರ್ಧ ಸ್ಟಾರ್ ಯಾಕೆಂದರೆ, ಅಜ್ಜಿಯ ಔಷಧಿ ತುರ್ತಾಗಿ ತರಿಸಬೇಕಾದಾಗ ನಿಜಕ್ಕೂ ಕೈಹಿಡಿಯಿತು. ಈಗ ಮಿತಿ 3,000ಕ್ಕೆ ಇಳಿಸಿದ್ದೇನೆ. ಏರಿಸಲು ಒಂದು ಬಟನ್ ಸಾಕಿತ್ತು, ಇಳಿಸಲು ನಾಲ್ಕು ಇಮೇಲ್ ಬೇಕಾಯಿತು.

ಜಾಕೆಟ್ ಒರೆಸಿ, ಬಿಸಿಲಿಗೆ ಹಾಕಿ ಇಟ್ಟಿದ್ದೇನೆ. ಘಟ್ಟದ ಮೇಲೆ ಚಳಿ ಜಾಸ್ತಿ, ಶಿರಸಿ ಕಡೆಯವರಿಗೆ ಯಾರಿಗಾದರೂ ಬೇಕಿದ್ದರೆ ಹೇಳಿ. ನಗದು ಮಾತ್ರ.