ಸಿವಿಲೈಸೇಶನ್ 7: ಆಟಗಾರರು ಹಳೆಯ ಆಟಗಳಿಗೇ ಯಾಕೆ ಮರಳಿದರು?

ಸರದಿ (ಟರ್ನ್) ಪ್ರಕಾರ ಆಡುತ್ತ ಸಾಮ್ರಾಜ್ಯ ಕಟ್ಟುವ ಆಟ, ಫಿರಾಕ್ಸಿಸ್ ಕಂಪನಿಯ ಸಿವಿಲೈಸೇಶನ್ 7 ಬಿಡುಗಡೆಯಾದದ್ದು 2025ರ ಫೆಬ್ರವರಿ 11ರಂದು. ಆ ತಿಂಗಳು ಪಿಸಿ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಏಕಕಾಲಕ್ಕೆ ಆಡುತ್ತಿದ್ದವರು 80 ಸಾವಿರ ದಾಟಿದ್ದರು. ಕೆಲವೇ ತಿಂಗಳಲ್ಲಿ ಆ ಸಂಖ್ಯೆ 10 ಸಾವಿರದ ಆಸುಪಾಸಿಗೆ ಇಳಿಯಿತು. ಇದೇ ಸರಣಿಯ 2016ರ ಸಿವಿಲೈಸೇಶನ್ 6 (ಸಿವ್ 6) ಹೋಗಲಿ, 2010ರ ಸಿವ್ 5 ಕೂಡ ಇದನ್ನು ಹಿಂದೆ ಹಾಕಿತು. ಕನ್ಸೋಲ್‌ನಲ್ಲಿ ಆಡುವವರು ಈ ಲೆಕ್ಕದಲ್ಲಿಲ್ಲ, ಒಪ್ಪೋಣ. ಸಿವ್ 6 ಬಂದಾಗಲೂ ಬಹಳ ಕಾಲ ಸಿವ್ 5ರಲ್ಲೇ ಜನ ಜಾಸ್ತಿ ಇದ್ದರು, ಅದೂ ಸರಿ. ಆದರೆ ಎರಡು ತಲೆಮಾರು ಹಿಂದಿನ ಆಟಕ್ಕಿಂತ ಕೆಳಗಿಳಿಯುವುದನ್ನು ‘ಪ್ರತಿ ಸಲವೂ ಹೀಗೇ’ ಎಂದು ತಳ್ಳಿಹಾಕಲಾಗದು.

ವಿಚಿತ್ರವೆಂದರೆ, ಟರ್ನ್‌ನಿಂದ ಟರ್ನ್‌ಗೆ ನೋಡಿದರೆ ಸರಣಿಯಲ್ಲಿ ಇಷ್ಟು ಚೆನ್ನಾಗಿ ಓಡುವ ಆಟ ಇನ್ನೊಂದಿಲ್ಲ. ಸೇನಾ ಕಮಾಂಡರ್ ಒಬ್ಬ ನಾಲ್ಕು ಯೂನಿಟ್‌ಗಳನ್ನು (ಪಡೆಗಳನ್ನು) ತನ್ನೊಳಗೆ ತುಂಬಿಕೊಂಡು ಸಾಗುತ್ತಾನೆ, ಬಡ್ತಿ ಸಿಕ್ಕರೆ ಆರು. ಬಡ್ತಿ ಸಿಗುವುದು ಕಮಾಂಡರ್‌ಗೆ ಮಾತ್ರ. ಹಾಗಾಗಿ ಸಿವ್ 6ರಲ್ಲಿ ಒಂದೊಂದೇ ಯೂನಿಟ್ಟನ್ನು ಇಕ್ಕಟ್ಟಿನ ದಾರಿಯಲ್ಲಿ ತಳ್ಳುತ್ತಿದ್ದ ಗೋಳು ತಪ್ಪಿದೆ. ಕೆಲಸಗಾರ ಯೂನಿಟ್ಟೇ ಇಲ್ಲ. ಜನಸಂಖ್ಯೆ ಬೆಳೆದಾಗ ಮ್ಯಾಪ್‌ನಲ್ಲಿ ಒಂದು ಷಟ್ಕೋನ ಟೈಲ್ ಆರಿಸಿದರೆ ಸಾಕು. ಹೊಸ ನೆಲೆಗಳು ಮೊದಲು ಪಟ್ಟಣಗಳಾಗಿರುತ್ತವೆ, ಅವುಗಳ ಉತ್ಪಾದನೆಯೆಲ್ಲ ಚಿನ್ನವಾಗುತ್ತದೆ. ನಗರವಾಗಿಸಲು ಚಿನ್ನ ಕೊಡಬೇಕು, ಜನಸಂಖ್ಯೆ ಹೆಚ್ಚಿದಷ್ಟೂ ಆ ಬೆಲೆ ತಗ್ಗುತ್ತದೆ. ಆತುರಪಟ್ಟು ಎಲ್ಲವನ್ನೂ ನಗರ ಮಾಡಿದರೆ ಖಜಾನೆ ಬರಿದು, ಸುತ್ತಲ ಪಟ್ಟಣಗಳಿಂದ ಬರಬೇಕಿದ್ದ ಆಹಾರವೂ ಇಲ್ಲ.

ಎಡವಟ್ಟಾಗುವುದು ಯುಗ ಬದಲಾಗುವಲ್ಲಿ. ಆಟವನ್ನು ಪ್ರಾಚೀನ, ಅನ್ವೇಷಣೆ, ಆಧುನಿಕ ಎಂದು ಮೂರು ಯುಗಗಳಾಗಿ ಕತ್ತರಿಸಲಾಗಿದೆ. ಯುಗದ ಪ್ರಗತಿ ತೋರಿಸುವ ಪಟ್ಟಿ ಶೇಕಡಾ ನೂರು ಮುಟ್ಟಿದ್ದೇ ತಡ, ಎಲ್ಲರಿಗೂ ಒಟ್ಟಿಗೆ ಯುಗ ಮುಗಿಯುತ್ತದೆ. ನಡೆಯುತ್ತಿದ್ದ ಯುದ್ಧ ನಿಲ್ಲುತ್ತದೆ. ರಾಜಧಾನಿ ಬಿಟ್ಟು ಉಳಿದ ನಗರಗಳು ಸಾಮಾನ್ಯವಾಗಿ ಮತ್ತೆ ಪಟ್ಟಣಗಳಾಗುತ್ತವೆ. ಹಳೆಯ ಕಟ್ಟಡಗಳಿಗೆ ಪಕ್ಕದ ಟೈಲ್‌ಗಳಿಂದ ಸಿಗುತ್ತಿದ್ದ ಲಾಭ ಹೋಗುತ್ತದೆ. ನಾಯಕ ಅದೇ, ನಾಗರಿಕತೆ ಬೇರೆ: ಮೌರ್ಯರಾಗಿ ಶುರು ಮಾಡಿದವರು ಚೋಳರಾಗಬಹುದು, ಮೂರು ಕುದುರೆ ಸಂಪನ್ಮೂಲ ಹಿಡಿದಿದ್ದರೆ ಮಂಗೋಲರೂ ಆಗಬಹುದು. 2021ರಲ್ಲಿ ಬಂದ ಇಂಥದ್ದೇ ಇನ್ನೊಂದು ಆಟ ಹ್ಯೂಮನ್‌ಕೈಂಡ್ ಇದೇ ಪ್ರಯೋಗ ಮಾಡಿತ್ತು, ಆಗಲೂ ಅನೇಕರಿಗೆ ತಮ್ಮ ಸಾಮ್ರಾಜ್ಯ ತಮ್ಮದೆನಿಸಲಿಲ್ಲ. 1991ರಿಂದ ಈ ಸರಣಿಯನ್ನು ಹಿಡಿದು ಕೂರಿಸಿದ್ದು ‘ಇನ್ನೊಂದೇ ಟರ್ನ್’ ಎಂಬ ಚಟ. ಆ ಚಟಕ್ಕೆ ಇಲ್ಲಿ ಆಟವೇ ಎರಡು ಕಡೆ ತಡೆ ಹಾಕುತ್ತದೆ. ಎದ್ದು ಹೋಗಲು ನೆಪ ಸಿಕ್ಕವರು ಮತ್ತೆ ಬಂದು ಕೂರಲಿಲ್ಲ.

ಎರಡನೇ ಕಾರಣಕ್ಕೆ ಅಷ್ಟು ಗಮನ ಸಿಕ್ಕಿಲ್ಲ. ಬಿಡುಗಡೆಯ ರೂಪದಲ್ಲಿ ಪ್ರತಿ ಯುಗದ ಗುರಿಗಳೂ ನಿಗದಿಯಾಗಿದ್ದವು: ಪ್ರಾಚೀನದಲ್ಲಿ ಸಂಸ್ಕೃತಿಗೆ ಪಿರಮಿಡ್‌ನಂಥ ಏಳು ಅದ್ಭುತಗಳು, ಅನ್ವೇಷಣೆಯಲ್ಲಿ ಧರ್ಮಪ್ರಚಾರಕರನ್ನು ಅಟ್ಟಿ ಹನ್ನೆರಡು ಪವಿತ್ರ ಅವಶೇಷಗಳು, ದೂರದ ಖಂಡದಿಂದ ನಿಧಿ ಹಡಗುಗಳು, ಆಧುನಿಕದಲ್ಲಿ ಹದಿನೈದು ಪುರಾತನ ವಸ್ತುಗಳು. ನಾಗರಿಕತೆ ಯಾವುದಾದರೇನು, ಮಾಡುವ ಕೆಲಸ ಅದೇ. ನಾಲ್ಕೈದು ಆಟಗಳಾಗುವಷ್ಟರಲ್ಲಿ ಎರಡನೇ ಯುಗದಲ್ಲಿ ಕೈ ತಾನಾಗಿ ಓಡುತ್ತದೆ, ತಲೆಗೆ ಕೆಲಸವಿಲ್ಲ.

ಇದರ ಮೇಲೆ ಅರೆಬೆಂದ ಇಂಟರ್‌ಫೇಸ್. ಲೆಕ್ಕಗಳ ವಿವರ ಸಿಗುತ್ತಿರಲಿಲ್ಲ, ಊರಿನ ಹೆಸರು ಬದಲಿಸುವಂತಿರಲಿಲ್ಲ, ಗೆದ್ದ ಮೇಲೆ ಆಟ ಮುಂದುವರಿಸುವ ಬಟನ್ ಕೂಡ ಇರಲಿಲ್ಲ. ಬ್ರಿಟನ್ ಮೂಲ ಆಟದಲ್ಲಿರದೆ ವಾರಗಳಲ್ಲೇ ಡಿಎಲ್‌ಸಿಯಾಗಿ (ಬೇರೆಯಾಗಿ ಹಣ ಕೊಟ್ಟು ಕೊಳ್ಳುವ ಹೆಚ್ಚುವರಿ ಭಾಗವಾಗಿ) ಬಂದದ್ದು ಸಿಟ್ಟಿಗೆ ತುಪ್ಪ ಸುರಿಯಿತು. ಹೆಸರು ಬದಲಿಸುವ ಸೌಲಭ್ಯ ಮಾರ್ಚ್‌ನಲ್ಲಿ, ಮುಂದುವರಿಸುವ ಬಟನ್ ಏಪ್ರಿಲ್‌ನಲ್ಲಿ, ದೊಡ್ಡ ಮ್ಯಾಪ್‌ಗಳು ಜೂನ್‌ನಲ್ಲಿ ಬಂದವು. ಒಂದೇ ನಾಗರಿಕತೆಯೊಂದಿಗೆ ಕೊನೆತನಕ ಆಡುವ ದಾರಿಯನ್ನು ಪರೀಕ್ಷಿಸುತ್ತಿದ್ದೇವೆ ಎಂದು ಕಂಪನಿ ಅದೇ ವರ್ಷ ಹೇಳಬೇಕಾಯಿತು. ರೋಗ ಎಲ್ಲಿದೆ ಎಂಬುದು ಅವರಿಗೂ ಗೊತ್ತಾಗಿದೆ.

ಕೊಂಡಿದ್ದರೆ ಸುಧಾರಿತ ಸೆಟ್ಟಿಂಗ್‌ಗಳಿಗೆ ಹೋಗಿ ಯುಗದ ಅವಧಿಯನ್ನು ಉದ್ದವಾಗಿಡಿ, ಯುಗಾಂತ್ಯದ ಬಿಕ್ಕಟ್ಟುಗಳನ್ನು ಆಫ್ ಮಾಡಿ. ಯುಗ ಬದಲಾದಾಗ ಪಡೆಗಳನ್ನು ಹಿಂದಕ್ಕೆಳೆಯದೆ ಮುಂದುವರಿಸುವ ಆಯ್ಕೆ ಪ್ಯಾಚ್‌ನಲ್ಲಿ ಬಂದಿದೆ, ಅದನ್ನೇ ಆರಿಸಿ. ಹಿಂದಕ್ಕೆಳೆಯುವ ಮೂಲ ನಿಯಮದಲ್ಲೇ ಆಡುವುದಾದರೆ ಯುಗ ಮುಗಿಯುವ ಮೊದಲು ಕಮಾಂಡರ್‌ಗಳನ್ನು ಹೆಚ್ಚಿಸಿಕೊಳ್ಳಿ, ಎಷ್ಟು ಸೈನ್ಯ ಉಳಿಯುತ್ತದೆ ಎಂಬುದು ಅವರಲ್ಲಿರುವ ಜಾಗದ ಮೇಲೆ ನಿಂತಿದೆ. ಕೊನೆಯ ಹತ್ತು ಟರ್ನ್‌ಗಳಲ್ಲಿ ಸಾಮಾನ್ಯ ಕಟ್ಟಡಗಳಿಗೆ ಚಿನ್ನ ಸುರಿಯಬೇಡಿ. ಯುಗ ಕಳೆದರೂ ಹಳತಾಗದ ಉಗ್ರಾಣದಂಥವು, ಆಯಾ ನಾಗರಿಕತೆಯ ವಿಶೇಷ ಕಟ್ಟಡಗಳು, ಅದ್ಭುತಗಳು ಸಾಕು. ಇನ್ನೂ ಕೊಂಡಿಲ್ಲ, ಒಂದೇ ಸಾಮ್ರಾಜ್ಯವನ್ನು ಶುರುವಿನಿಂದ ಕೊನೆತನಕ ಕಟ್ಟುವುದೇ ಇಷ್ಟ ಎನ್ನುವವರಿಗೆ ಸಿವ್ 6 ಮತ್ತು ಅದರ ಗ್ಯಾದರಿಂಗ್ ಸ್ಟಾರ್ಮ್ ವಿಸ್ತರಣೆಯೇ ಸದ್ಯಕ್ಕೆ ಉತ್ತಮ ಖರೀದಿ.