ಮೂರು ಕಪ್ಪು ಹಾಳೆಗೆ ಪೂರ್ತಿ ಅಂಕ, ಬೆಕ್ಕಿಗೆ ಸೊನ್ನೆ

ಕ್ವಾಂಟಂ ಮಾಪನದ ಪಾಠಕ್ಕೆ ಅಂತ ಒಂದು ಪ್ರಾತ್ಯಕ್ಷಿಕೆ ಕಿಟ್ ತರಿಸಿದ್ದೆ. ಪದವಿ ಕೊನೆಯ ವರ್ಷದ ಭೌತಶಾಸ್ತ್ರ ತರಗತಿಯಲ್ಲಿ ಎರಡು ಸೆಮಿಸ್ಟರ್ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬೇಡ, ಯಾಕೆ ಅಂತ ಓದಿದರೆ ಗೊತ್ತಾಗುತ್ತದೆ.

ಡಬ್ಬದಲ್ಲಿ ಏನೇನಿತ್ತು? ಡಿಗ್ರಿ ಗುರುತಿನ ಉಂಗುರಗಳಲ್ಲಿ ಕೂರಿಸಿದ ಮೂರು ಪೋಲರಾಯ್ಡ್ ಹಾಳೆಗಳು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಕಪ್ಪು ಹಾಳೆ), ಒಂದು ಎಲ್ಇಡಿ ಟಾರ್ಚ್, 'ಮೇಲೆ-ಕೆಳಗೆ' 'ಎಡ-ಬಲ' ಎಂದು ಬರೆದ ರಟ್ಟಿನ ಫಲಕಗಳು, ಪೆಟ್ಟಿಗೆಯೊಳಗೆ ಒಂದು ಬೊಂಬೆ ಬೆಕ್ಕು, ಜೊತೆಗೆ ಮೇಷ್ಟ್ರಿಗೆ ಅಂತ ಜೋಕುಗಳ ಪುಸ್ತಿಕೆ. ಹೌದು, ಜೋಕುಗಳ ಪುಸ್ತಿಕೆ. ಅದನ್ನು ನೋಡಿ ಪಕ್ಕದ ಮೇಜಿನವರು, "ಇನ್ಮೇಲೆ ನಗೋದಕ್ಕೂ ಸಿಲಬಸ್ಸಾ?" ಎಂದರು.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಆ ಮೂರು ಹಾಳೆಗಳು ಬಂಗಾರ. ಟಾರ್ಚ್ ಮುಂದೆ ಒಂದು ಹಾಳೆ ಹಿಡಿಯಿರಿ, ಅದರ ಮುಂದೆ ಇನ್ನೊಂದನ್ನು 90 ಡಿಗ್ರಿ ತಿರುಗಿಸಿ ಹಿಡಿಯಿರಿ. ಕತ್ತಲೆ. ಈಗ ಮೂರನೆಯದನ್ನು ಕೈಯಲ್ಲಿ ಹಿಡಿದು ತರಗತಿಗೆ ಕೇಳಿ: "ಇನ್ನೂ ಒಂದು ಅಡ್ಡ ಇಟ್ಟರೆ?" ಎಲ್ಲರೂ ಒಂದೇ ಸ್ವರದಲ್ಲಿ "ಇನ್ನೂ ಕತ್ತಲೆ" ಎನ್ನುತ್ತಾರೆ. ಹಿಂದೆ ಇಟ್ಟರೆ ಕತ್ತಲೆಯೇ. ಮುಂದೆ ಇಟ್ಟರೂ ಕತ್ತಲೆಯೇ. ಎರಡರ ನಡುವೆ 45 ಡಿಗ್ರಿಯಲ್ಲಿ ತೂರಿಸಿದ ಕೂಡಲೇ ಗೋಡೆಯ ಮೇಲೆ ಬೆಳಕು! ಅಡ್ಡಗೋಡೆ ಹೆಚ್ಚು ಕಟ್ಟಿದಷ್ಟೂ ಕಳ್ಳ ಸುಲಭವಾಗಿ ನುಗ್ಗಿದ ಹಾಗೆ. ಪ್ರತಿ ಸಲವೂ ಹಿಂದಿನ ಬೆಂಚಿನಿಂದ ಒಬ್ಬರಾದರೂ ಎದ್ದು ಬಂದು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ್ದಾರೆ.

ಫೋನಿನ ಬೆಳಕು ಅಳೆಯುವ ಆ್ಯಪ್ ಇಟ್ಟು ನೋಡಿದೆವು. ಮೊದಲ ಹಾಳೆ ದಾಟಿದ ಮೇಲೆ 400 ಲಕ್ಸ್ (ಬೆಳಕಿನ ಅಳತೆ). ಎರಡನ್ನು ಅಡ್ಡಡ್ಡ ಇಟ್ಟಾಗ 3. ನಡುವೆ ಮೂರನೆಯದು ಬಂದಾಗ 66. ಪುಸ್ತಕದ ಲೆಕ್ಕದಲ್ಲಿ ಪ್ರತಿ 45 ಡಿಗ್ರಿ ತಿರುವಿಗೆ ಅರ್ಧ, ಎರಡು ತಿರುವಿಗೆ 400ರ ಕಾಲು ಭಾಗ, ಅಂದರೆ 100 ಇರಬೇಕಿತ್ತು. "ಸರ್, 34 ಎಲ್ಲಿ ಹೋಯ್ತು?" ಎಂದು ಕೇಳಿದರು. ಹಾಳೆಯೇ ನುಂಗಿತು. ಯಾವ ಪೋಲರಾಯ್ಡೂ ಸರಿಯಾದ ದಿಕ್ಕಿನ ಬೆಳಕನ್ನು ಪೂರ್ತಿ ಬಿಡುವುದಿಲ್ಲ. ಪುಸ್ತಿಕೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಹೊಸ ಮೇಷ್ಟ್ರಾಗಿದ್ದರೆ ಅಲ್ಲೇ ಬೆವರುತ್ತಿದ್ದರು.

ಇನ್ನೊಂದು ತಕರಾರು ಇದಕ್ಕಿಂತ ದೊಡ್ಡದು. ಡಬ್ಬದ ಮೇಲೆ 'ಕ್ವಾಂಟಂ ಪವಾಡ' ಅಂತ ದಪ್ಪ ಅಕ್ಷರ. ಒಬ್ಬ ಹುಡುಗಿ ಅದನ್ನು ಹಿಡಿದುಬಿಟ್ಟಳು. "ಸರ್, ಇದು ಮಾಲುಸ್ ನಿಯಮ ಅಲ್ವಾ? ಅಲೆ ಅಂದುಕೊಂಡರೂ ಇದೇ ಉತ್ತರ ಬರುತ್ತೆ." ನೂರಕ್ಕೆ ನೂರು ನಿಜ. ದಾಟುವ ಬೆಳಕು ಹಾಳೆಗಳ ನಡುವಿನ ಕೋನದ ಕೊಸೈನ್ ವರ್ಗದಷ್ಟು ಅನ್ನುವುದೇ ಆ ನಿಯಮ. ಮಾಲುಸ್ 1809ರ ಹೊತ್ತಿನವನು, ಅವನಿಗೆ ಫೋಟಾನ್ (ಬೆಳಕಿನ ಕಣ) ಅಂದರೆ ಏನೂಂತಲೇ ಗೊತ್ತಿಲ್ಲ. ಟಾರ್ಚಿನ ಬೆಳಕಿನಲ್ಲಿ ಕ್ವಾಂಟಂ ಕಾಣುವುದಿಲ್ಲ. ಫೋಟಾನ್‌ಗಳನ್ನು ಒಂದೊಂದಾಗಿ ಕಳಿಸಿದಾಗ ಮಾತ್ರ ಬಿಸಿ ತಟ್ಟುತ್ತದೆ. ಅರ್ಧ ಫೋಟಾನ್ ದಾಟುವುದಿಲ್ಲ. ದಾಟಿದರೆ ಪೂರ್ತಿ, ಇಲ್ಲವೇ ಇಲ್ಲ. ಆಗ ಅದೇ ಕೊಸೈನ್ ವರ್ಗ ಸಂಭವನೀಯತೆ ಆಗುತ್ತದೆ. ಈ ಮಾತನ್ನು ನಾವೇ ಸೇರಿಸಿ ಹೇಳಬೇಕು.

ಅದಕ್ಕೆ ನನಗೆ ನೆರವಾದದ್ದು ರಟ್ಟಿನ ಫಲಕಗಳು. ಸುಮ್ನೆ ಮಕ್ಕಳಾಟ ಅಂತ ಮೂಲೆಗೆ ಇಟ್ಟಿದ್ದೆ, ತಪ್ಪು ನನ್ನದೇ. ಒಬ್ಬನನ್ನು ಎಲೆಕ್ಟ್ರಾನ್ ಮಾಡಿ ಮುಂದೆ ನಿಲ್ಲಿಸಿ. ಅದರ ಸ್ಪಿನ್ (ಪುಟ್ಟ ಅಯಸ್ಕಾಂತದಂಥ ಗುಣ) ಯಾವ ಕಡೆಗೆ ಅಂತ ಕೇಳುವ ಆಟ ಇದು. ಕೈಗೊಂದು ನಾಣ್ಯ ಕೊಡಿ. "ಮೇಲೆಯೋ ಕೆಳಗೋ?" ನಾಣ್ಯ ಚಿಮ್ಮಿ "ಮೇಲೆ" ಎನ್ನುತ್ತಾನೆ. ಮತ್ತೆ ಅದೇ ಪ್ರಶ್ನೆ, ಈ ಸಲ ನಾಣ್ಯ ಇಲ್ಲ, "ಮೇಲೆ"ಯೇ. ಈಗ "ಎಡವೋ ಬಲವೋ?" ನಾಣ್ಯ ಚಿಮ್ಮಿ "ಬಲ". ತಿರುಗಿ "ಮೇಲೆಯೋ ಕೆಳಗೋ?" ಅವನು ಬಾಯಿ ತೆರೆಯುವ ಮೊದಲೇ ನಾಣ್ಯ ಚಿಮ್ಮಲು ಹೇಳಿ. "ಸರ್, ಆಗ್ಲೇ ಮೇಲೆ ಅಂದಿದ್ದೆನಲ್ಲ!" ಎಂದು ಜಗಳ ಶುರು. ನಾಣ್ಯ "ಕೆಳಗೆ" ಎಂದಾಗ ಇಡೀ ತರಗತಿ ಅವನನ್ನು ಮಾತು ತಪ್ಪಿದವನು ಅಂತ ಕಾಡುತ್ತದೆ. ಆ ನಗುವಿನಲ್ಲೇ ಪಾಠ ಇದೆ. ಎರಡನೇ ಪ್ರಶ್ನೆ ಮೊದಲ ಉತ್ತರವನ್ನು ಅಳಿಸಿಹಾಕಿತು. ನಡುವಿನ ಹಾಳೆ ಮಾಡಿದ್ದೂ ಇದೇ ಕೆಲಸ. ಇಲ್ಲೇ ನಾನು ಸ್ಟರ್ನ್ ಮತ್ತು ಗೆರ್ಲಾಕ್ 1922ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಮಾಡಿದ ಪ್ರಯೋಗಕ್ಕೆ ಬರುತ್ತೇನೆ. ಬೆಳ್ಳಿಯ ಪರಮಾಣುಗಳನ್ನು ಅಯಸ್ಕಾಂತದ ನಡುವೆ ಹಾಯಿಸಿದರೆ ಅವು ಮೇಲೆ, ಕೆಳಗೆ ಎಂದು ಎರಡೇ ಪಾಲಾದವು. ಗಾಜಿನ ಮೇಲೆ ಕೂತ ಆ ಬೆಳ್ಳಿ ಕಣ್ಣಿಗೆ ಕಾಣದಿದ್ದಾಗ, ಸ್ಟರ್ನ್ ಸೇದುತ್ತಿದ್ದ ಅಗ್ಗದ ಸಿಗಾರಿನ ಗಂಧಕ ತಾಗಿ ಅದು ಕಪ್ಪಾಯಿತು ಅಂತ ಅವನೇ ಮುಂದೆ ಹೇಳಿಕೊಂಡಿದ್ದ. ಪುಸ್ತಿಕೆಯ ಯಾವ ಜೋಕಿಗೂ ಇಷ್ಟು ನಗು ಬಂದಿಲ್ಲ.

ಪುಸ್ತಿಕೆಯಲ್ಲಿ ಒಂದೇ ಒಂದು ಪುಟ ಉಳಿಸಿಕೊಂಡಿದ್ದೇನೆ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್‌ದು. 1926ರ ಲೇಖನದಲ್ಲಿ ಸಂಭವನೀಯತೆಯ ಮಾತು ಬರೆದ, ಅದಕ್ಕೆ ಕ್ವಾಂಟಂ ಅಲೆಯ ಪ್ರಮಾಣವನ್ನು ವರ್ಗ ಮಾಡಬೇಕು ಅನ್ನುವುದನ್ನು ಕರಡು ತಿದ್ದುವಾಗ ಅಡಿಟಿಪ್ಪಣಿಯಲ್ಲಿ ಸೇರಿಸಿದ. ನೊಬೆಲ್ 1954ರಲ್ಲಿ ಬಂತು. ಉತ್ತರಪತ್ರಿಕೆಯ ಅಂಚಿನಲ್ಲಿ ಗೀಚುವವರಿಗೆ ಇದು ಬಹಳ ಹಿಡಿಸಿತು.

ಇನ್ನು ಬೆಕ್ಕು. ಪೆಟ್ಟಿಗೆ ಅಲ್ಲಾಡಿಸಿದರೆ ಒಳಗಿನ ಬೊಂಬೆ ಮಗುಚಿಕೊಳ್ಳುತ್ತದೆ, ಮುಚ್ಚಳ ತೆಗೆದಾಗ ಕೂತಿರುತ್ತದೆ ಅಥವಾ ಬಿದ್ದಿರುತ್ತದೆ. ನಗು ಬರುತ್ತದೆ, ಕಲಿಯುವುದು ಮಾತ್ರ ತಪ್ಪು ಪಾಠ. ಬೊಂಬೆ ಮುಚ್ಚಳದ ಒಳಗೇ ಬಿದ್ದಾಗಿದೆ, ನಮಗೆ ತಿಳಿದಿಲ್ಲ ಅಷ್ಟೇ. ಅದು ಬರೀ ಅಜ್ಞಾನ, ಕ್ವಾಂಟಂ ಅಲ್ಲ. ಕ್ವಾಂಟಂನಲ್ಲಿ ಅಳೆಯುವ ಮೊದಲು ಉತ್ತರವೇ ನಿಗದಿಯಾಗಿರುವುದಿಲ್ಲ. 1935ರಲ್ಲಿ ಭೌತವಿಜ್ಞಾನಿ ಶ್ರೋಡಿಂಗರ್ ಆ ಬೆಕ್ಕನ್ನು ತಂದದ್ದೇ, ಪೆಟ್ಟಿಗೆ ತೆರೆಯುವವರೆಗೆ ಅದು ಬದುಕಿಯೂ ಸತ್ತೂ ಇದೆ ಅನ್ನುವುದು ಎಷ್ಟು ಅಸಂಬದ್ಧ ನೋಡಿ ಅಂತ ತೋರಿಸಲು. ಇವರು ಅದನ್ನೇ ಪಾಠದ ಮುಖಪುಟ ಮಾಡಿದ್ದಾರೆ. ಮೊದಲ ಸೆಮಿಸ್ಟರ್ ಬಳಸಿದೆ. ಪರೀಕ್ಷೆಯಲ್ಲಿ ಅರ್ಧದಷ್ಟು ಜನ "ನೋಡುವವರೆಗೆ ನಮಗೆ ಗೊತ್ತಿರುವುದಿಲ್ಲ" ಅಂತ ಬರೆದರು. ಆಮೇಲೆ ಬೆಕ್ಕು ಬೀರು ಸೇರಿತು.

ಕೊನೆಗೆ ತಯಾರಿಕೆ. ಒಂದು ಉಂಗುರದ ಗುರುತು 4 ಡಿಗ್ರಿ ತಪ್ಪು, 86ಕ್ಕೇ ಕತ್ತಲೆಯಾಗುತ್ತಿತ್ತು. ದೂರು ಕೊಟ್ಟೆ. ಮೂರು ಇಮೇಲ್ ಆದ ಮೇಲೆ ಬದಲಿ ಬಂತು. ಅದೂ 4 ಡಿಗ್ರಿ ತಪ್ಪು, ಅದೇ ಕಡೆಗೆ. ಈಗ ತಪ್ಪಿರುವ ಎರಡನ್ನೂ ಎರಡು ತುದಿಗೆ ಇಡುತ್ತೇನೆ, 90ಕ್ಕೆ ಸರಿಯಾಗಿ ಕತ್ತಲೆ. ನಡುವೆ ಸರಿಯಾದದ್ದು. ಅಲ್ಲಿ 4 ಡಿಗ್ರಿ ಆಚೀಚೆ ಆದರೂ ಬೆಳಕು ಕಡಿಮೆಯಾಗುವುದು ನೂರಕ್ಕೆ ಎರಡರಷ್ಟು. ಆ ಲೆಕ್ಕವನ್ನು ಈ ಸಲ ಕಿರುಪರೀಕ್ಷೆಗೆ ಕೊಟ್ಟಿದ್ದೇನೆ.