ಅಡಿಕೆ ಸುಲಿಯುವವರಿಗೆ ಹೇಳಿ ಮಾಡಿಸಿದ ಆಡಿಯೋಬುಕ್

ಅಮೆರಿಕದ ಗಾಯಕಿ, ನಟಿ ಬಾರ್ಬ್ರಾ ಸ್ಟ್ರೈಸ್ಯಾಂಡ್ ಆತ್ಮಕಥೆ 'ಮೈ ನೇಮ್ ಈಸ್ ಬಾರ್ಬ್ರಾ' 2023ರ ನವೆಂಬರಿನಲ್ಲಿ ಬಂತು. ಪುಸ್ತಕ 900ಕ್ಕೂ ಜಾಸ್ತಿ ಪುಟ. ಆಡಿಯೋಬುಕ್ ಬರೋಬ್ಬರಿ 48 ಗಂಟೆ! ಓದಿರುವುದು ಅವರೇ. ಅಷ್ಟು ಹೊತ್ತು ಯಾರು ಕೇಳ್ತಾರೆ ಅಂತೀರಾ? ನಮ್ಮ ತೀರ್ಥಹಳ್ಳಿ ಕಡೆ ಕೊನೆಕೊಯ್ಲು ಶುರುವಾದ ಮೇಲೆ ಬನ್ನಿ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತವರ ಕೈಗೆಲ್ಲ ಚೊಗರು, ಪುಸ್ತಕ ಮುಟ್ಟೋ ಹಾಗಿಲ್ಲ. ಕಿವಿ ಮಾತ್ರ ಖಾಲಿ.

ಇದನ್ನು ಓದಬೇಡಿ, ಕೇಳಿ ಅನ್ನುವುದಕ್ಕೆ ಕಾರಣವಿದೆ. ಅಚ್ಚಿನಲ್ಲಿ ಇಲ್ಲದ ಮಾತನ್ನೂ ಅವರು ನಡುನಡುವೆ ಸೇರಿಸುತ್ತಾರೆ. ತಿಂಡಿಯ ಸುದ್ದಿ ಬಂದರಂತೂ ಕಥೆ ಅಲ್ಲೇ ನಿಂತಿತು. "ಯಾರೇ ಅದು, ಉಸಿರೇ ಬಿಡ್ದೆ ಮಾತಾಡ್ತಾಳಲ್ಲ" ಅಂದರು ನಮ್ಮತ್ತೆ.

ಬಾರ್ಬ್ರಾ ಹುಟ್ಟಿದ್ದು 1942ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಮಗುವಿಗೆ 15 ತಿಂಗಳಾದಾಗ ಅಪ್ಪ ತೀರಿಕೊಂಡರು. ಟೈಪಿಂಗ್ ಕಲಿ ಎಂದು ಅಮ್ಮ ಹೇಳಿದರೆ ಟೈಪ್ ಮಾಡೋಕಾಗದ ಹಾಗೆ ಮಗಳು ಉಗುರು ಉದ್ದಕ್ಕೆ ಬಿಟ್ಟಳು! ಮೂಗು ಸರಿಮಾಡಿಸಿಕೋ ಅಂದವರ ಮಾತನ್ನೂ ಕೇಳಲಿಲ್ಲ. ಮೊದಲ ಸಿನಿಮಾ 'ಫನ್ನಿ ಗರ್ಲ್'ಗೇ ಆಸ್ಕರ್ ಬಂತು, ಅದೂ ನಟಿ ಕ್ಯಾಥರೀನ್ ಹೆಪ್ಬರ್ನ್ ಜೊತೆ ಸಮ ಮತ ಬಿದ್ದು. ಇಂಥವರೂ 1967ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ವೇದಿಕೆಯಲ್ಲಿ ಹಾಡಿನ ಸಾಲು ಮರೆತರು. ಆ ಹೆದರಿಕೆ ಎಷ್ಟೋ ವರ್ಷ ಬಿಡಲಿಲ್ಲ. 1994ರಲ್ಲಿ ಊರೂರು ಹಾಡಲು ಹೊರಟಾಗ ಕಣ್ಣೆದುರು ಸಾಲು ತೋರಿಸುವ ಟೆಲಿಪ್ರಾಂಪ್ಟರ್ ಬೇಕೇ ಬೇಕಿತ್ತು.

ನನಗೆ ತುಂಬ ಹಿಡಿಸಿದ್ದು 'ಯೆಂಟಲ್' ಸಿನಿಮಾದ ಭಾಗ. ಅಪ್ಪ ಸತ್ತ ಮೇಲೆ ಓದುವ ಆಸೆಗೆ ಗಂಡುವೇಷ ಹಾಕುವ ಯಹೂದಿ ಹುಡುಗಿಯ ಕಥೆ ಅದು. ಬಾರ್ಬ್ರಾ 1968ರಲ್ಲಿ ಓದಿದ ಈ ಕಥೆ ತೆರೆಗೆ ಬಂದದ್ದು 1983ರಲ್ಲಿ. ನಡುವೆ ಒಮ್ಮೆ ಅಪ್ಪನ ಸಮಾಧಿಗೆ ಹೋಗುತ್ತಾರೆ. ಪಕ್ಕದ ಕಲ್ಲಿನ ಮೇಲೆ ಆನ್ಶೆಲ್ ಅಂತ ಹೆಸರು. ಕಥೆಯ ಹುಡುಗಿ ಗಂಡುವೇಷದಲ್ಲಿ ಇಟ್ಟುಕೊಳ್ಳುವುದೂ ಅದೇ ಹೆಸರು! ನಾನು ಕತ್ತಿ ಬಿಟ್ಟು ಹಿಂದಕ್ಕೆ ಓಡಿಸಿ ಮತ್ತೆ ಕೇಳಿದೆ. ನಟನೆ, ನಿರ್ದೇಶನ, ನಿರ್ಮಾಣ ಎಲ್ಲ ಅವರದೇ. ನಿರ್ದೇಶನಕ್ಕೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಪಡೆದ ಮೊದಲ ಹೆಂಗಸು ಇವರು. ಆಸ್ಕರ್‌ನವರು ನಿರ್ದೇಶನಕ್ಕೆ ನಾಮಿನೇಷನ್ನೂ ಕೊಡಲಿಲ್ಲ. ಆ ಸಿಟ್ಟು ದನಿಯಲ್ಲಿ ಇನ್ನೂ ಆರಿಲ್ಲ, ನ್ಯಾಯವೇ ಅಲ್ವಾ?

ಕೊನೆ ಭಾಗ ಎಳೆದಂತಾಗುತ್ತದೆ. ದೊಡ್ಡವರ ಪರಿಚಯ, ಊಟ, ಮನೆ ಅಲಂಕಾರ. ಒಬಾಮಾ 2015ರಲ್ಲಿ ಅಮೆರಿಕದ ದೊಡ್ಡ ನಾಗರಿಕ ಗೌರವ ಪ್ರೆಸಿಡೆನ್ಶಿಯಲ್ ಮೆಡಲ್ ಆಫ್ ಫ್ರೀಡಂ ಕೊಟ್ಟರು, ಸಂತೋಷ. ಆದರೆ ಗಣ್ಯರ ಪಟ್ಟಿಗೆ ಕತ್ತರಿ ಹಾಕಬಹುದಿತ್ತು.

ಇಂಗ್ಲಿಷ್ ಸರಳ, ಆದರೆ ಬ್ರೂಕ್ಲಿನ್ ರಾಗ. ಮೊದಮೊದಲು ವೇಗ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. ಪೇಟೆಗೆ ಹೋದಾಗಲೇ ಪೂರ್ತಿ ಡೌನ್‌ಲೋಡ್ ಮಾಡಿಕೊಂಡು ಬನ್ನಿ, ತೋಟದ ಮನೆಯ ನೆಟ್‌ವರ್ಕ್ ನಂಬಿ ಕೂರಬೇಡಿ. ಐದಕ್ಕೆ ನಾಲ್ಕು ಕೊಡ್ತೇನೆ.